ಹೆಸರಿಗೊಂದು ಬೊಟ್ಟು

ಮೊನ್ನೆ ತಂಗಿಯ ಮಗಳು ಮೊಬೈಲನ್ನು ನನ್ನ ಮೂಗಿನ ಹತ್ತಿರ ತಂದು ಹಿಡಿದಳು. ಯಾರ ಹೆಸರಿಗೆ ಬೇಕಾದರೂ ಯಾರು ಬೇಕಾದರೂ ತಮಾಷೆಯ ಅರ್ಥ ಬರೆಯುವ ಪೇಜಂತೆ. ‘ಸವಿತಾ: ಐದೇ ನಿಮಿಷ ಅಂದು ಅರ್ಧ ದಿನ ಮಾತಾಡುವವಳು’ ಎಂದು ಯಾರೋ ಪುಣ್ಯಾತ್ಮರು ನನ್ನ ಹೆಸರಿಗೆ ಬರೆದಿದ್ದರು. ನಕ್ಕೆ. ಮೊಬೈಲು ಇಲ್ಲದೆ, ಬರೀ ಬಾಯಲ್ಲೇ ಈ ಕೆಲಸ ಮಾಡುತ್ತಿದ್ದವರೊಬ್ಬರು ಕನಕಪುರದಲ್ಲಿ ಇದ್ದರು ಅಂತ ಆ ಹುಡುಗಿಗೆ ಹೇಗೆ ಹೇಳಲಿ...

ಬಸ್ ಸ್ಟ್ಯಾಂಡಿನ ಹಿಂದಿನ ರಸ್ತೆಯಲ್ಲಿ ಅವರದೊಂದು ಚಿಕ್ಕ ಹೋಟೆಲ್ಲು. ನಮಗೆಲ್ಲ ಅವರು ‘ಯಜಮಾನ್ರು’. ಆಗ ನಾನು ಹಾರೋಹಳ್ಳಿಯ ಗಾರ್ಮೆಂಟ್ಸಿಗೆ ಹೋಗುತ್ತಿದ್ದೆ. ಬೆಳಿಗ್ಗೆ ಅಲ್ಲಿ ಇಡ್ಲಿ ಕಟ್ಟಿಸಿಕೊಳ್ಳದೆ ಬಸ್ಸು ಹತ್ತಿದ್ದೇ ಇಲ್ಲ. "ಸವಿತಾ ಅಂದ್ರೆ ಏನು ಗೊತ್ತಾ? ಚಟ್ನಿ ಒಸಿ ಜಾಸ್ತಿ ಹಾಕಿ ಅನ್ನೋಕೇ ಹುಟ್ಟಿದೋಳು" ಎಂದು ಮೊದಲ ದಿನವೇ ಎಲ್ಲರೆದುರು ನನ್ನ ಮಾನ ಕಳೆದರು. ರಮೇಶ ಅಂದರೆ ‘ಬತ್ತಾ ಇವ್ನಿ’ ಅಂತ ಹಾಸಿಗೆಯಿಂದಲೇ ಫೋನು ಮಾಡುವವನು. ಪುಟ್ಟಸ್ವಾಮಿ ಅಂದರೆ ಪಕ್ಕದವನ ಪೇಪರು ಓದುತ್ತಾ ತನ್ನ ಕಾಫಿ ಆರಿಸಿಕೊಳ್ಳುವವನು. ಅನ್ನಿಸಿಕೊಂಡವರೇ ಮಾರನೆಯ ದಿನ ಇನ್ನೊಬ್ಬರನ್ನು ಕರೆತಂದು, ಇವನಿಗೂ ಒಂದು ಹೇಳಿ ಯಜಮಾನ್ರೇ ಎನ್ನುತ್ತಿದ್ದರು. ಗಿರಾಕಿಗಳದ್ದೇ ಒಂದು ವಾಟ್ಸಾಪ್ ಗ್ರೂಪು ಇತ್ತು. ಬೆಳಿಗ್ಗೆ ಅವರು ಅಂದದ್ದು ಮಧ್ಯಾಹ್ನದ ಹೊತ್ತಿಗೆ ಊರೆಲ್ಲ ತಿರುಗುತ್ತಿತ್ತು.

ಒಳ್ಳೆಯ ಅರ್ಥ ಮಾತ್ರ ಅವರ ಬಾಯಿಂದ ಯಾವತ್ತೂ ಬರಲಿಲ್ಲ. ಹಸುಗೂಸನ್ನು ಎತ್ತಿಕೊಂಡು ಬಂದು ಹೆಸರು ಹೇಳಿದವರಿಗೂ ಅಷ್ಟೇ. ಒಮ್ಮೆ ನಾನೇ ಬೈದೆ, ಮಗುವಿಗಾದರೂ ಒಂದು ಒಳ್ಳೆ ಮಾತು ಹೇಳಬಾರದೇ ಅಂತ.

"ಕೂಸಿನ ಕೆನ್ನೆಗೆ ಕಪ್ಪು ಬೊಟ್ಟು ಇಕ್ಕಲ್ವಾ? ಹೆಸರಿಗೂ ಒಂದು ಇಕ್ಬೇಕು ಕಣವ್ವ. ಅದ್ರಲ್ಲೂ ಹೆತ್ತೋರ ಕಣ್ಣೇ ಮೊದ್ಲು ತಾಕೋದು" ಎಂದರು. ಅವರು ಅದನ್ನು ನಂಬಿದ್ದರು.

ಅವರಿಗೆ ಒಬ್ಬನೇ ಮಗ, ಮಹೇಶ. ತಾಯಿ ಇಲ್ಲದ ಹುಡುಗನನ್ನು ಅಂಗೈಯಲ್ಲಿಟ್ಟು ಸಾಕಿದ್ದರು. ಅವನು ಪೊಲೀಸ್ ಕೆಲಸದ ಪರೀಕ್ಷೆ ಬರೆದು, ಎರಡನೇ ಸಲವೂ ಪಟ್ಟಿಯಲ್ಲಿ ಹೆಸರು ಬರದ ದಿನ ಹೋಟೆಲ್ಲು ತುಂಬಿತ್ತು. ಯಾರೋ ಕೇಳಿದರು, ಯಜಮಾನ್ರೇ, ಮಹೇಶ ಅಂದ್ರೆ ಏನು? ಇವರ ನಾಲಿಗೆ ಸುಮ್ಮನಿರಬೇಕಲ್ಲ! "ಮಹೇಶ ಅಂದ್ರೆ ಬಸ್ಸು ಹೋದ್ಮೇಲೆ ಕೈ ಅಡ್ಡ ಹಾಕೋನು" ಅಂದುಬಿಟ್ಟರು. ಎಲ್ಲರೂ ಬಿದ್ದುಬಿದ್ದು ನಕ್ಕರು. ಮಗ ನಗಲಿಲ್ಲ. ಅದು ಗ್ರೂಪಿಗೂ ಹೋಯಿತು, ದಾರಿಯಲ್ಲಿ ಕಂಡವರೆಲ್ಲ ಅವನಿಗೆ ಕೈ ಅಡ್ಡ ಹಾಕಿ ತೋರಿಸತೊಡಗಿದರು. ಆ ವಾರವೇ ಅವನು ಬ್ಯಾಗು ಹಿಡಿದು ಹಾರೋಹಳ್ಳಿಗೆ ಹೋಗಿ, ಒಂದು ಫ್ಯಾಕ್ಟರಿ ಸೇರಿ, ಅಲ್ಲೇ ರೂಮು ಮಾಡಿಕೊಂಡ. ಹಬ್ಬಕ್ಕೂ ಬರಲಿಲ್ಲ, ಫೋನೂ ಎತ್ತಲಿಲ್ಲ.

ನಮ್ಮ ಗಾರ್ಮೆಂಟ್ಸಿನ ಎದುರಿನ ಟೀ ಅಂಗಡಿಗೆ ಅವನು ಬರುತ್ತಿದ್ದ. ಯಜಮಾನರು ನನ್ನ ಕೈ ಹಿಡಿದುಕೊಂಡು ಬೇಡಿಕೊಂಡರು. "ದೃಷ್ಟಿ ಆಗ್ದೇ ಇರ್ಲಿ ಅಂತ ಅಂದೆ ಕಣವ್ವ. ನನ್ ಮಗ ಬಂಗಾರ ಅಂತ ಅವ್ನಿಗೆ ಹೇಳು." ಹೋಗಿ ಹೇಳಿದೆ.

"ಬೊಟ್ಟಂತೆ ಬೊಟ್ಟು!" ಎಂದ ಅವನು. "ಕೆಟ್ಟ ಮಾತು ಎಲ್ರ ಮುಂದೆ, ಒಳ್ಳೆ ಮಾತು ನಿನ್ ಕಿವೀಲಾ ಅಕ್ಕ? ಅಂದ ಜಾಗದಲ್ಲೇ ಅನ್ಲಿ, ಬತ್ತೀನಿ."

ನ್ಯಾಯವಾದ ಮಾತೇ. ಬಂದು ಹೇಳಿದಾಗ ಯಜಮಾನರು ಒರೆಸಿದ ಗಲ್ಲಾವನ್ನೇ ಮತ್ತೆ ಒರೆಸಿ, ಆಗಲಿ ಅಂದರು. ದೃಷ್ಟಿಯ ಭಯ ಅವರ ಮುಖದಲ್ಲಿ ಕಾಣುತ್ತಿತ್ತು.

ಮಾರನೆಯ ಬೆಳಿಗ್ಗೆ, ಹೋಟೆಲ್ಲು ತುಂಬಿದ ಹೊತ್ತಿಗೆ, ಗಲ್ಲಾ ಬಿಟ್ಟು ಎದ್ದು ನಿಂತರು. "ಎಲ್ರೂ ಒಸಿ ಕೇಳಿ. ಮಹೇಶ ಅಂದ್ರೆ..." ಎಂದು ತಡವರಿಸಿದರು. ಜನ ತುತ್ತು ಕೈಯಲ್ಲೇ ಹಿಡಿದು, ಹಲ್ಲು ಕಿಸಿದು ಕಾದರು. "ಮಹೇಶ ಅಂದ್ರೆ ನನ್ ಮಗ. ಬಂಗಾರದಂಥೋನು. ಅವತ್ತು ತಪ್ಪಾಗಂದೆ."

ಇಡೀ ಹೋಟೆಲ್ಲು ಹೋ ಎಂದು ನಕ್ಕಿತು. ಯಜಮಾನರ ಕಣ್ಣಲ್ಲಿ ನೀರು ಬಂತು. "ಆಕ್ಟಿಂಗ್ ನೋಡ್ರಲಾ!" ಎಂದು ಒಬ್ಬ ಟೇಬಲ್ಲು ಗುದ್ದಿದ. "ಸುಮ್ನಿರ್ರೋ, ನಿಜ ಹೇಳ್ತಾವ್ರೆ ಅವ್ರು!" ಎಂದು ನಾನು ಕಿರುಚಿದೆ. ಅದಕ್ಕೂ ನಕ್ಕರು. ಅವರನ್ನು ಬೈದು ಏನು ಪ್ರಯೋಜನ? ಇಷ್ಟು ವರ್ಷ ಆ ಬಾಯಿಂದ ತಮಾಷೆ ಬಿಟ್ಟು ಬೇರೆ ಏನನ್ನೂ ಅವರು ಕೇಳಿರಲಿಲ್ಲ. ಯಜಮಾನರು ಎಲ್ಲರ ಮುಖವನ್ನೂ ಒಮ್ಮೆ ನೋಡಿ, ಒಳಗೆ ಹೋಗಿ ಇಡ್ಲಿ ಹಿಟ್ಟು ಹುಯ್ಯತೊಡಗಿದರು.

ಮಧ್ಯಾಹ್ನ ಟೀ ಅಂಗಡಿಗೆ ಹೋಗಿ ಅವನಿಗೆ ಹೇಳಿದೆ, ನಿಮ್ಮಪ್ಪ ಎಲ್ಲರ ಮುಂದೆ ಹೇಳಿದರು ಅಂತ. ಅವನ ಮುಖ ಅರಳಿತು. ಜನ ಏನಂದರು ಅಂತ ಕೇಳಿದ. ಸುಳ್ಳು ಬಾಯಿಗೆ ಬರಲಿಲ್ಲ.

"ನಕ್ಬುಟ್ರು ಕಣಪ್ಪ. ತಮಾಷೆ ಅಂದ್ಕೊಂಡ್ರು."

"ಅವತ್ತೂ ನಕ್ಕಿದ್ರಲ್ಲಕ್ಕ" ಎಂದು ಗ್ಲಾಸು ಇಟ್ಟು ಫ್ಯಾಕ್ಟರಿ ಕಡೆಗೆ ಹೋದ. ಯುಗಾದಿಗೆ ನೋಡೋಣ ಅಂತ ಆಮೇಲೊಮ್ಮೆ ಅಂದಿದ್ದ. ಯುಗಾದಿ ಬರುವ ಮುಂಚೆಯೇ ಯಜಮಾನರು ಎದೆನೋವು ಅಂತ ಗಲ್ಲಾದ ಮೇಲೆ ಒರಗಿದವರು ಮತ್ತೆ ಏಳಲಿಲ್ಲ...

ಮಗ ಬಂದ, ಮಣ್ಣು ಹಾಕಿದ. ತಿಥಿಯ ದಿನ ಹಳೆಯ ಗಿರಾಕಿಯೊಬ್ಬ ಸಮಾಧಾನ ಹೇಳಲು ಹೋಗಿ, "ನಿಮ್ಮಪ್ಪ ಕೊನೇವರ್ಗೂ ನಗ್ಸಿದ್ರಪ್ಪಾ. ಮಹೇಶ ಅಂದ್ರೆ ನನ್ ಮಗ ಅಂದ್ರಲ್ಲ ಅವತ್ತು, ಅಬ್ಬಾ!" ಎಂದು ಕಣ್ಣೊರೆಸಿಕೊಳ್ಳುತ್ತಲೇ ನಕ್ಕ. ಹುಡುಗ ಗೋಡೆ ಹಿಡಿದು ಕುಳಿತುಬಿಟ್ಟ.

ಈಗ ಆ ಹೋಟೆಲ್ಲು ಇಲ್ಲ, ಬಾಗಿಲು ಹಾಕಿ ವರ್ಷಗಳಾದವು. ಮಹೇಶ ಸಂತೆಯಲ್ಲೋ ಮದುವೆ ಮನೆಯಲ್ಲೋ ಸಿಗುತ್ತಾನೆ. ಸಿಕ್ಕಾಗಲೆಲ್ಲ ಪಕ್ಕಕ್ಕೆ ಕರೆದು ಅದನ್ನೇ ಕೇಳುತ್ತಾನೆ. "ಅಕ್ಕ, ಅಪ್ಪ ಹೆಂಗಂದ? ಅಂದಂಗೇ ಅನ್ನಕ್ಕ." ನಾನು ಹೇಳುತ್ತೇನೆ. ಅವರು ತಡವರಿಸಿದಲ್ಲಿ ತಡವರಿಸಿ, ಅವರದೇ ಮಾತಿನಲ್ಲಿ ಹೇಳಲು ನೋಡುತ್ತೇನೆ. ಅವನು ಕಣ್ಣು ಮುಚ್ಚಿ ಕೇಳಿಸಿಕೊಂಡು, ಇಲ್ಲ ಎಂಬಂತೆ ತಲೆಯಾಡಿಸಿ, "ಇನ್ನೊಂದ್ಸಲ ಅನ್ನಕ್ಕ" ಎನ್ನುತ್ತಾನೆ.