ಬಾಯಿಯವರು ಕೇಳದ ಐದು ರೂಪಾಯಿ

ಐದು ರೂಪಾಯಿಯ ಟಿಕೀಟು ಇಡಿ ಎಂದು ರತ್ನಾಬಾಯಿಯವರು ಹೇಳಿರಲಿಲ್ಲ. ಇಟ್ಟವನು ನಾನು. ಇಟ್ಟು, ಅವರೇ ಕೇಳಿದರು ಎಂದು ಶಿರಸಿಯ ಜನರ ಮುಂದೆ ಸುಳ್ಳು ಹೇಳಿದವನೂ ನಾನೇ. ಮೂವತ್ತು ವರ್ಷದಲ್ಲಿ ಈ ಮಾತು ಎಷ್ಟು ಸಲ ನಾಲಿಗೆಯ ತುದಿಗೆ ಬಂದು ಹಿಂದಕ್ಕೆ ಹೋಯಿತೋ — ಈಗ ಬರೆದುಬಿಟ್ಟೆ. ಬರೆದ ಮೇಲೆ ಹಗುರವಾಗುತ್ತದೆ ಅನ್ನುತ್ತಾರಲ್ಲ, ನನಗೆ ಹಾಗೇನೂ ಆಗಿಲ್ಲ. ಎರಡು ಸಲ ಎದ್ದು ಅಂಗಳಕ್ಕೆ ಹೋಗಿ ಬಂದು ಮತ್ತೆ ಕೂತಿದ್ದೇನೆ.

ನಮ್ಮದು ಬನವಾಸಿ ಕಡೆಯ ಮನೆತನ. ಶಿರಸಿಯಲ್ಲಿ ಅರಿವೆ ಅಂಗಡಿ. ಏಕೀಕರಣವಾದ ಮರುವರ್ಷ ನಾವು ಏಳೆಂಟು ಜನ ಸೇರಿ ಊರಲ್ಲಿ ಒಂದು ಸಂಗೀತ ಸಂಘ ಕಟ್ಟಿದೆವು. ನನಗಾಗ ಇಪ್ಪತ್ತಾರು. ಹಾಡಲು ಬರುತ್ತಿರಲಿಲ್ಲ, ಓಡಾಡಲು ಬರುತ್ತಿತ್ತು, ಅದಕ್ಕೇ ಕಾರ್ಯದರ್ಶಿ ಮಾಡಿದರು. ಮೊದಲ ಕಚೇರಿಗಳು ನಡೆದದ್ದು ಅಡಿಕೆ ಮೂಟೆ ಇಡುತ್ತಿದ್ದ, ಈಗ ಖಾಲಿ ಬಿದ್ದ ಒಂದು ವಖಾರಿಯಲ್ಲಿ. ಚಾಪೆ ಹಾಸುತ್ತಿದ್ದೆವು. ನಾಲ್ಕಾಣೆ ಟಿಕೀಟು. ಬಂಡಿ ಹೊಡೆಯುವವರು, ಹೋಟೆಲಿನ ಮಾಣಿಗಳು, ಮಾಸ್ತರರು, ವಕೀಲರು — ಎಲ್ಲ ತೊಡೆಗೆ ತೊಡೆ ತಾಗಿಸಿ ಕೂತು ಕೇಳುತ್ತಿದ್ದರು.

ಆಮೇಲೆ ಎಂಟಾಣೆಯಾಯಿತು. ಆಮೇಲೆ ಒಂದು ರೂಪಾಯಿ. ಪ್ರತಿ ಸಲವೂ ಜನ ಗೊಣಗಿದರು, ಪ್ರತಿ ಸಲವೂ ನಾನು ಒಂದೇ ಮಾತು ಹೇಳಿದೆ: "ಏನ್ ಮಾಡೂದ್ರಿ, ಹಾಡೂ ಮಂದಿ ಹೆಚ್ಚು ಕೇಳ್ತಾರ." ಒಮ್ಮೊಮ್ಮೆ ಅದು ನಿಜವೂ ಆಗಿತ್ತು. ಆದರೆ ಹೆಚ್ಚಿನ ಖರ್ಚು ನನ್ನ ಆಸೆಯದು. ಹುಬ್ಬಳ್ಳಿಯಿಂದ ಬಾಡಿಗೆಗೆ ತಂದ ಮೈಕು, ಬಣ್ಣದ ಕರಪತ್ರ, ಮುಂದಿನ ಸಾಲಿಗೆ ಖುರ್ಚಿ. ಖುರ್ಚಿಯಿದ್ದರೆ ಅರಣ್ಯ ಇಲಾಖೆಯ ಜಂಗಲ್ ಸಾಹೇಬರು ಬರುತ್ತಾರೆ, ಮರದ ಕಂತ್ರಾಟುದಾರರು ಬರುತ್ತಾರೆ, ಅವರ ಹೆಂಡಂದಿರು ಬರುತ್ತಾರೆ. ಅವರು ಒಳಗೆ ಬರುವಾಗ ಬಾಗಿಲಲ್ಲಿ ಕೈಮುಗಿದು ನಿಲ್ಲುವವನು ನಾನು. ಅರಿವೆ ಅಳೆಯುವ ಹುಡುಗನಿಗೆ ಅದು ಎಷ್ಟು ದೊಡ್ಡ ಸುಖವಾಗಿತ್ತೆಂದು — ಬೇಡ, ಅದನ್ನು ವಿವರಿಸಹೋದರೆ ಸಮರ್ಥನೆಯಾಗುತ್ತದೆ.

ರತ್ನಾಬಾಯಿಯವರು ಯಲ್ಲಾಪುರದಲ್ಲಿ ಹುಟ್ಟಿದವರು. ತಂದೆ ಮರದ ಡಿಪೋದಲ್ಲಿ ಬಂಡಿ ಹೊಡೆಯುತ್ತಿದ್ದರು. ತಂದೆ ತೀರಿಕೊಂಡ ಮೇಲೆ ತಾಯಿ ಧಾರವಾಡದ ಒಬ್ಬ ಗವಾಯಿಗಳ ಮನೆಯಲ್ಲಿ ಅಡಿಗೆಗೆ ನಿಂತರು. ಹುಡುಗಿ ಆ ಮನೆಯಲ್ಲೇ ಹಾಡು ಕಲಿತಳು. ನಾನು ಹೇಳುತ್ತಿರುವ ಆ ಕಾಲಕ್ಕೆ ಅವರಿಗೆ ಮೂವತ್ತೈದು ದಾಟಿತ್ತು, ರೇಡಿಯೋದಲ್ಲಿ ಹಾಡುತ್ತಿದ್ದರು, ಪುಣೆ ಮುಂಬಯಿಗೆಲ್ಲ ಹೋಗಿ ಬಂದಿದ್ದರು. ನಾನು ಕರೆದು ಕಾಗದ ಬರೆದೆ. ಎಂಟೇ ದಿನಕ್ಕೆ ಉತ್ತರ ಬಂತು.

ಆ ಕಾಗದ ಇಂದು ನನ್ನ ಬಳಿ ಇಲ್ಲ. ಕಚೇರಿಯ ದಿನ ಬೆಳಿಗ್ಗೆ ಬಚ್ಚಲ ಒಲೆಗೆ ಹಾಕಿದೆ. ಆದರೆ ಅದರ ಒಂದೊಂದು ಸಾಲೂ ನನಗೆ ಬಾಯಿಪಾಠ. ನಮ್ಮ ಸೀಮೆಯಲ್ಲಿ ಹಾಡಬೇಕೆಂಬುದು ಬಹಳ ದಿನದ ಆಸೆ ಎಂದು ಬರೆದಿದ್ದರು. ತಬಲಾದವರಿಗೆ, ಹಾರ್ಮೋನಿಯಂ ಪೇಟಿಯವರಿಗೆ ಕೊಟ್ಟು, ಬಂದುಹೋಗುವ ಖರ್ಚು ನೋಡಿಕೊಂಡರೆ ಸಾಕು. ನನಗೆ ನೀವು ಕೊಟ್ಟಷ್ಟು. ಟಿಕೀಟು ಎಂಟಾಣೆ ದಾಟಬಾರದು. ಸಿದ್ದಾಪುರ, ಯಲ್ಲಾಪುರದ ಕಡೆಯವರು ಸಂಜೆಯ ಬಸ್ಸಿಗೆ ಹಿಂದಿರುಗುವಂತೆ ಮಧ್ಯಾಹ್ನವೇ ಇಟ್ಟುಕೊಳ್ಳಿ. ಕೊನೆಯಲ್ಲಿ — "ಯಲ್ಲಾಪುರದಿಂದ ವೆಂಕಟಣ್ಣ ಬರುತ್ತಾನೆ, ಬಾರದೆ ಇರುವವನಲ್ಲ. ಡಿಪೋದಲ್ಲಿ ಮರಕ್ಕೆ ನಂಬರು ಹೊಡೆಯುತ್ತಾನೆ. ನನಗೆ ಮೊದಲು ಸ್ವರ ಹೇಳಿಕೊಟ್ಟವನು ಅವನು. ಅವನನ್ನು ಮುಂದೆ ಕೂಡಿಸಿ."

ಇದನ್ನು ನಾನು ಯಾರಿಗೂ ತೋರಿಸಲಿಲ್ಲ. ಎಂಟಾಣೆಯ ಕಚೇರಿ ಎಂದರೆ ಮತ್ತೆ ವಖಾರಿ, ಮತ್ತೆ ಚಾಪೆ. ನಾನು ಆಗಲೇ ಮನಸ್ಸಿನಲ್ಲಿ ಊರಿನ ಸಿನೆಮಾ ಟಾಕೀಸನ್ನು ಭಾನುವಾರ ಮಧ್ಯಾಹ್ನಕ್ಕೆ ಹಿಡಿದಾಗಿತ್ತು. ಅದರ ಬಾಡಿಗೆ ಎಂಟಾಣೆ ಟಿಕೀಟಿನಲ್ಲಿ ಹುಟ್ಟುವಂಥದಲ್ಲ. ಸಂಘದ ಸಭೆಯಲ್ಲಿ ಹೇಳಿದೆ: "ಬಾಯಿಯವರ ಸಂಭಾವನೆ ಬಾಳ ಆತ್ರಿ. ಐದು ರೂಪಾಯಿ ಇಡಲಿಕ್ಕೇ ಬೇಕು. ಹಿಂದ ನಿಲ್ಲೂವರಿಗೆ ಎರಡು." ಅಧ್ಯಕ್ಷರು ಹುಬ್ಬೇರಿಸಿದರು. "ಐದಾ? ಅವರೇ ಹೇಳಿದ್ದೋ?" ನಾನು ಹೌದೆಂದೆ. ಅಷ್ಟೇ. ಯಾರೂ ಕಾಗದ ಕೇಳಲಿಲ್ಲ. ಕೇಳಿದ್ದರೆ —

ಕರಪತ್ರ ಸಿದ್ದಾಪುರ, ಯಲ್ಲಾಪುರಕ್ಕೆಲ್ಲ ಬಸ್ಸಿನ ಕಂಡಕ್ಟರರ ಕೈಯಲ್ಲಿ ಹೋಯಿತು. ಒಂದಾದರೂ ಬಾಯಿಯವರ ಕೈ ಸೇರೀತೆಂದು ಅದರಲ್ಲಿ ಬೇಕೆಂದೇ ದರ ಹಾಕಿಸಲಿಲ್ಲ. ಊರವರಿಗೆ ಮಾತ್ರ ಗೊತ್ತಾಗಿ ಬಸ್‌ಸ್ಟ್ಯಾಂಡಿನಲ್ಲಿ, ಚಹಾದಂಗಡಿಯಲ್ಲಿ ಮಾತು ಶುರುವಾಯಿತು. "ಹಾಡೂ ಬಾಯಿಗಿಂತ ನುಂಗೂ ಬಾಯಿ ದೊಡ್ಡದು" ಎಂದು ಯಾರೋ ಕಟ್ಟಿದ ಮಾತು ಎರಡೇ ದಿನದಲ್ಲಿ ಎಲ್ಲರ ಬಾಯಲ್ಲಿತ್ತು. ನನ್ನ ಅಂಗಡಿಗೆ ಬಂದ ಗಿರಾಕಿಗಳೇ ಹೇಳಿ ನಕ್ಕರು. ನಾನೂ ನಕ್ಕೆ. ನಗುತ್ತಲೇ ಅರಿವೆ ಹರಿದುಕೊಟ್ಟೆ.

ಆ ಭಾನುವಾರ ಮೂರು ಗಂಟೆಯಿಂದ ನನಗೆ ಕೂರಲಾಗಲಿಲ್ಲ, ನಿಲ್ಲಲಾಗಲಿಲ್ಲ. ಖುರ್ಚಿಗಳು ತುಂಬಿದವು. ಅತ್ತರಿನ ವಾಸನೆ, ಜರಿಯ ಸೀರೆ, ನಾನು ಬಯಸಿದ್ದೆಲ್ಲ ಬಂದಿತ್ತು. ಆದರೆ ಟಾಕೀಸಿನ ಗೇಟಿನ ಹೊರಗೆ ವಖಾರಿಯ ಹಳೇ ಜನ ಗುಂಪುಗೂಡಿತ್ತು. ಸಿದ್ದಾಪುರದಿಂದ ಬಂದ ನಾಲ್ಕೈದು ಮಂದಿ ಎಂಟಾಣೆ, ರೂಪಾಯಿ ಹಿಡಿದುಕೊಂಡು ನಿಂತಿದ್ದರು. ಒಬ್ಬ ಕೂಗಿದ, "ಹಿಂಗಾದ್ರೆ ನಾವು ಕೇಳೂದು ಹೆಂಗ್ರೀ?" ನಾನು ಗೇಟಿನ ಒಳಗೆ ನಿಂತು ಕೈ ಎತ್ತಿ ಹೇಳಿದೆ, "ನನ್ನ ಮ್ಯಾಲೆ ಸಿಟ್ಟಾಗಬ್ಯಾಡ್ರಿ. ಬಾಯಿಯವ್ರು ಕೇಳಿದ್ದು, ನಾ ಇಟ್ಟದ್ದು."

ಆಗ ಗುಂಪಿನ ನಡುವೆ ದಾರಿ ಮಾಡಿಕೊಂಡು ಒಬ್ಬರು ಮುಂದೆ ಬಂದರು. ಐವತ್ತರ ಆಸುಪಾಸು. ಇಸ್ತ್ರಿ ಮಾಡಿದ ಬಿಳಿ ಅಂಗಿ, ಅದರ ಮಡಿಕೆ ಇನ್ನೂ ಬಿಟ್ಟಿರಲಿಲ್ಲ. ಎಡಗೈಯ ಹೆಬ್ಬೆರಳು ಸುತ್ತಿಗೆಯ ಏಟಿಗೆ ಜಜ್ಜಿ ಚಪ್ಪಟೆಯಾಗಿತ್ತು.

"ನಾ ಯಲ್ಲಾಪುರದವ. ವೆಂಕಟ ಅಂತ ಹೇಳಿ. ರತ್ನಿಗೆ ಗೊತ್ತದೆ."

ಗೊತ್ತಾಯಿತು. ಅವರು ಬಾಯಿ ತೆರೆಯುವ ಮೊದಲೇ, ಆ ಬೆರಳು ನೋಡಿದಾಗಲೇ ಗೊತ್ತಾಗಿತ್ತು. ಬೆಳಿಗ್ಗೆ ಸುಟ್ಟ ಕಾಗದ ಎದ್ದು ಬಂದು ನಿಂತ ಹಾಗಿತ್ತು. ಗೇಟು ಸರಿಸಿ, ಬರ್ರಿ ಎಂದು ಕೈಹಿಡಿದು ಕರೆದೊಯ್ದಿದ್ದರೆ ಆಗುತ್ತಿತ್ತು. ಆದರೆ ಅವರು ಒಳಗೆ ಹೋದರೆ ಬಾಯಿಯವರೊಡನೆ ಮಾತಾಡುತ್ತಾರೆ. ಹೊರಗಿನ ಗಲಾಟೆ ಹೇಳುತ್ತಾರೆ. ದರ ಹೇಳುತ್ತಾರೆ. ಅಲ್ಲಿಗೆ ನನ್ನದೆಲ್ಲ — ಇಷ್ಟನ್ನೂ ನಾನು ಒಂದು ಉಸಿರು ಎಳೆದು ಬಿಡುವಷ್ಟರಲ್ಲಿ ಯೋಚಿಸಿದೆ. ಗಾಬರಿಯಲ್ಲಿ ಬಾಯಿ ತಪ್ಪಿತು ಎನ್ನುವ ಹಾಗಿಲ್ಲ. ಯೋಚಿಸಿಯೇ ಹೇಳಿದೆ.

"ಗೊತ್ತಿದ್ದವ್ರು ಅಂತ ಯಾರನ್ನೂ ಬಿಡಬ್ಯಾಡ್ರಿ ಅಂತ ಬಾಯಿಯವ್ರೇ ಹೇಳ್ಯಾರ."

ಅವರು ನನ್ನನ್ನೇ ನೋಡಿದರು. "ನಮ್ ರತ್ನಿನೇ ಹಂಗೆ ಹೇಳಿದ್ಲಾ?"

"ಹೌದ್ರಿ."

ಸಿಟ್ಟಾಗಲಿಲ್ಲ. ಒಂದು ಹೆಜ್ಜೆ ಹಿಂದೆ ಸರಿದರು. "ಹಂಗಾರೆ ಅಡ್ಡಿಲ್ಲ ಬಿಡಿ. ದೊಡ್ಡವಳಾದ್ಲು. ಅವಳಿಗೂ ಎಂತೆಂತ ತಾಪತ್ರಯವೋ" ಎಂದರು. ಸುತ್ತ ನಿಂತವರು ಏನೋ ಕೆಟ್ಟ ಮಾತು ಆಡಿದಾಗ ಅವರ ಕಡೆ ತಿರುಗಿ, "ಹಂಗೆಲ್ಲ ಹೇಳ್ಬೇಡಿ" ಎಂದದ್ದೂ ನನಗೆ ಕೇಳಿಸಿತು.

ಒಳಗೆ ಬಾಯಿಯವರು ಭೀಮಪಲಾಸ ರಾಗ ಶುರು ಮಾಡಿದರು. ನಾನು ಬಾಗಿಲಿಗೊಮ್ಮೆ, ಗೇಟಿಗೊಮ್ಮೆ ಓಡಾಡುತ್ತಿದ್ದೆ. ಆ ಹಾಡು ನನಗೆ ತುಂಡುತುಂಡಾಗಿ ಕೇಳಿದ್ದು. ಇವತ್ತಿಗೂ ಅದನ್ನು ಜೋಡಿಸಲು ಆಗಿಲ್ಲ. ಟಾಕೀಸಿನ ಮಾಡಿನ ಮೇಲೆ ಒಂದು ಲೌಡ್‌ಸ್ಪೀಕರ್ ಇತ್ತು, ಆಟಕ್ಕೆ ಮೊದಲು ರಸ್ತೆಗೆಲ್ಲ ಕೇಳುವಂತೆ ಹಾಡು ಹಾಕುವುದಕ್ಕೆ. ಮೈಕಿನವನು ಅದಕ್ಕೂ ಸಂಪರ್ಕ ಕೊಟ್ಟಿದ್ದ. ಹೊರಗಿನ ಜನ ರಸ್ತೆಯ ಆಚೆ ಮಾವಿನ ಮರದ ಕೆಳಗೆ ಕೂತು ಕೇಳುತ್ತಿದ್ದರು. ವೆಂಕಟಣ್ಣ ಒಬ್ಬರೇ ನಿಂತಿದ್ದರು, ಕಣ್ಣು ಮುಚ್ಚಿ. ಅವರು ಅಲ್ಲೇ ಉಳಿದರೆ ಕಚೇರಿ ಮುಗಿದ ಮೇಲೆ ಬಾಯಿಯವರ ಕಣ್ಣಿಗೆ ಬೀಳುತ್ತಾರೆ ಎಂದು ಹೊಳೆಯಿತು. ನಾನು ಒಳಗೆ ಹೋಗಿ ಮೈಕಿನವನಿಗೆ ಹೇಳಿ ಹೊರಗಿನ ತಂತಿ ಕೀಳಿಸಿದೆ.

ತಿರುಗಿ ಬಂದು ನೋಡಿದಾಗ ಮರದ ಕೆಳಗಿನವರು ಏಳುತ್ತಿದ್ದರು. ವೆಂಕಟಣ್ಣ ಸ್ವಲ್ಪ ಹೊತ್ತು ಹಾಗೇ ನಿಂತಿದ್ದರು, ಮತ್ತೆ ಕೇಳಿಸೀತು ಎಂಬಂತೆ. ಆಮೇಲೆ ಬಸ್‌ಸ್ಟ್ಯಾಂಡಿನ ಕಡೆ ನಡೆದರು.

ಕಚೇರಿ ಮುಗಿದ ಮೇಲೆ ಬಾಯಿಯವರು ಕೇಳಿದ ಮೊದಲ ಮಾತು, "ವೆಂಕಟಣ್ಣ ಬರಲಿಲ್ಲವೇನ್ರಿ?"

"ಇಲ್ಲರಿ. ಬರಲಿಲ್ಲ."

ಅವರು ತಂಬೂರಿಗೆ ಗವಸು ಹಾಕುತ್ತಿದ್ದರು. "ಅವನಿಗೆ ನನ್ನ ಮ್ಯಾಲೆ ಏನೋ ಬ್ಯಾಸರ ಇರಬೇಕು. ಇಷ್ಟು ವರ್ಷ ಊರಿಗೆ ಹೋಗಲಿಲ್ಲ ನಾನು" ಎಂದರು. ಕಾರು ಹತ್ತುವಾಗ ರಸ್ತೆಯಿಂದ ಯಾರೋ ಆ ನುಂಗುವ ಬಾಯಿಯ ಮಾತನ್ನು ಕೂಗಿದ. ಅವರಿಗೆ ಕೇಳಿಸಿತು. ನನ್ನ ಮುಖ ನೋಡಿದರು. "ಕುಡುಕ್ರು, ಬಿಡ್ರಿ" ಎಂದೆ. ಅವರು ಮತ್ತೆ ಶಿರಸಿಗೆ ಬರಲಿಲ್ಲ. ಎರಡು ಸಲ ಕರೆದೆವು. ಎರಡು ಸಲವೂ ಮೈ ಸರಿಯಿಲ್ಲ ಎಂದು ಚಿಕ್ಕ ಉತ್ತರ ಬಂತು.

ಎರಡು ವರ್ಷ ಬಿಟ್ಟು ಅಂಗಡಿಯ ಕೆಲಸಕ್ಕೆ ಯಲ್ಲಾಪುರಕ್ಕೆ ಹೋಗಿದ್ದೆ. ಹೇಳಿಬಿಡಬೇಕು ಎಂದು ಗಟ್ಟಿ ಮಾಡಿಕೊಂಡೇ ಡಿಪೋಕ್ಕೆ ಹೋದೆ. ದಿಮ್ಮಿಗಳ ನಡುವೆ ಅವರು ಸುತ್ತಿಗೆ ಹಿಡಿದು ನಿಂತಿದ್ದರು. ನನ್ನನ್ನು ಕಂಡದ್ದೇ ಮುಖ ಅರಳಿತು. ಜೊತೆಯ ಕೆಲಸದವರನ್ನು ಕರೆದರು.

"ಇವರೇ ನೋಡ್ರಾ ಶಿರಸಿಯವ್ರು. ರತ್ನಿ ಹಾಡಿದ ದಿವ್ಸ ನನ್ನನ್ನ ಮುಂದಿನ ಖುರ್ಚಿಲಿ ಕೂಡ್ಸಿದವ್ರು ಇವ್ರೇ."

ಅವರು ಊರಿಗೆ ಬಂದು ಎಲ್ಲರಿಗೂ ಹಾಗೇ ಹೇಳಿದ್ದರು. ರತ್ನಿ ತನ್ನನ್ನು ಹೊರಗೆ ನಿಲ್ಲಿಸಿದಳು ಎಂದು ಅವಳು ಹುಟ್ಟಿದ ಊರಿನಲ್ಲಿ ಹೇಳಲು ಅವರಿಗೆ ಮನಸ್ಸು ಬಂದಿರಲಿಲ್ಲ. ಆ ಜನ ನನ್ನನ್ನು ಗೌರವದಿಂದ ನೋಡಿದರು, ಒಬ್ಬ ಚಹಾ ತಂದುಕೊಟ್ಟ. ನಾನು ಆ ಚಹಾ ಕುಡಿದೆ. ಹೌದು, ಕುಡಿದೆ.

ಬಸ್ಸಿನ ತನಕ ಅವರೇ ಕಳಿಸಲು ಬಂದರು. ದಾರಿಯಲ್ಲಿ ತಗ್ಗಿದ ದನಿಯಲ್ಲಿ, "ನಾ ಅವತ್ತು ಬಂದಿದ್ದೆ ಅಂತ ರತ್ನಿಗೆ ಹೇಳ್ಬೇಡಿ. ಗೊತ್ತಾದ್ರೆ ಜೀವಕ್ಕೆ ಹಚ್ಕಂಬೂದು ಅದು" ಎಂದರು. ಹೇಳಬೇಕಾದದ್ದನ್ನು ಹೇಳಲು ಅದಕ್ಕಿಂತ ಒಳ್ಳೆಯ ಗಳಿಗೆ ಇರಲಿಲ್ಲ. ನಾನು "ಆತ್ರಿ" ಎಂದು ಬಸ್ಸು ಹತ್ತಿದೆ. ಆಮೇಲೆ ಬಹಳ ವರ್ಷ, ಅವರಿಗೆ ಕೊಟ್ಟ ಮಾತು ಉಳಿಸುತ್ತಿದ್ದೇನೆ ಎಂದು ನನಗೆ ನಾನೇ ಹೇಳಿಕೊಂಡೆ. ಸುಳ್ಳಿಗೆ ಎಂಥ ಮರ್ಯಾದೆಯ ಹೊದಿಕೆ!

ಮುಂದಿನ ಮಳೆಗಾಲದಲ್ಲಿ ವೆಂಕಟಣ್ಣ ಜ್ವರ ಬಂದು ತೀರಿಕೊಂಡರು. ನಾನು ಸಂಘ ಬಿಟ್ಟೆ. ಹುಬ್ಬಳ್ಳಿಯಲ್ಲಿ ಒಮ್ಮೆ ಬಾಯಿಯವರು ಎದುರಾದರು. ಗುರುತು ಹಿಡಿದು, "ವೆಂಕಟಣ್ಣ ಹೋದನಂತ. ಬ್ಯಾಸರ ಏನಿತ್ತಂತ ಕೇಳೂದು ಆಗಲೇ ಇಲ್ಲ ನೋಡ್ರಿ" ಎಂದರು. ನನ್ನ ಜೊತೆ ನನ್ನ ಹೆಂಡತಿ ಇದ್ದಳು, ಸುತ್ತ ಜನರಿದ್ದರು — ಇಲ್ಲ. ಯಾರೂ ಇಲ್ಲದಿದ್ದರೂ ನಾನು ಹೇಳುತ್ತಿರಲಿಲ್ಲ.

ಕಳೆದ ತಿಂಗಳು ಯಲ್ಲಾಪುರಕ್ಕೆ ಹೋಗಿ ವೆಂಕಟಣ್ಣನ ಮಗಳು ಸಾವಿತ್ರಿಗೆ ಎಲ್ಲ ಹೇಳಿದೆ. ಆಕೆ ಅಕ್ಕಿ ಆರಿಸುತ್ತಿದ್ದಳು. ಪೂರ್ತಿ ಕೇಳಿದಳು. "ಅಪ್ಪ ಮುಂದೆ ಕೂತು ಕೇಳಿ ಬಂದಿದ್ದ ಅಂತ್ಲೇ ನಮ್ ಮಕ್ಳಿಗೂ ಹೇಳಿದ್ದೆ" ಎಂದಳು. ನಾನು ಕ್ಷಮೆ ಎಂಬ ಶಬ್ದ ತೆಗೆಯುವಷ್ಟರಲ್ಲಿ ಅಕ್ಕಿಯ ಮೊರ ಕೆಳಗಿಟ್ಟಳು. "ನನ್ನ ಹತ್ರ ಎಂತಕೆ ಹೇಳ್ತ್ರಿ? ಧಾರವಾಡದಲ್ಲಿ ಅವರಿನ್ನೂ ಇದ್ದಾರಲ್ಲ. ಅವರಿಗೆ ಹೇಳಿ."

ಇದ್ದಾರೆ. ಬಾಯಿಯವರಿಗೆ ಎಪ್ಪತ್ತು ಸಮೀಪಿಸಿದೆ. ಎರಡು ವರ್ಷದಿಂದ ಕಿವಿ ಪೂರ್ತಿ ಹೋಗಿದೆಯಂತೆ. ಹಾಡಿದರೆ ತಮ್ಮ ದನಿ ತಮಗೇ ಕೇಳಿಸುವುದಿಲ್ಲವಂತೆ. ನನ್ನ ಬಾಯಿಂದ ಹೇಳುವ ಕಾಲವನ್ನೂ ನಾನು ಹೀಗೆ ಕಳೆದುಕೊಂಡಿದ್ದೇನೆ. ಇಲ್ಲಿ ಬರೆದದ್ದನ್ನೇ ದೊಡ್ಡ ಅಕ್ಷರಗಳಲ್ಲಿ ಬೇರೆ ಹಾಳೆಯ ಮೇಲೆ ಬರೆದುಕೊಂಡಿದ್ದೇನೆ. ಸೋಮವಾರ ಬೆಳಗಿನ ಬಸ್ಸಿಗೆ ಹೊರಡುತ್ತೇನೆ. ಅವರ ಕೈಗೆ ಕೊಟ್ಟು, ಕೊನೆಯ ಸಾಲು ಓದುವವರೆಗೆ ಎದುರಿಗೇ ಕೂತಿರುತ್ತೇನೆ, ಅವರ ಮುಖದಿಂದ ಕಣ್ಣು ತೆಗೆಯದೆ.