ನಾಗಕ್ಕ ಕೇಳಿದ್ದು

ನಮ್ಮಜ್ಜಿಯ ಅವ್ವ ಪಾಪಕ್ಕನಿಗೆ ದೆವ್ವ ಹಿಡಿದಿತ್ತು ಅಂತ ತಳಕಿನ ಸುತ್ತ ಯಾರಾದರೂ ಹೇಳಿದರೆ ಈಗಲೂ ನನಗೆ ಮೈಯೆಲ್ಲ ಉರಿಯುತ್ತದೆ. ದೆವ್ವವಂತೆ, ದೆವ್ವ.

ಪ್ಲೇಗಿನ ಭಯ ಇನ್ನೂ ಆರದ ಕಾಲ ಅದು. ನಮ್ಮ ಮುತ್ತಜ್ಜ ಓಬಯ್ಯನ ಮೊದಲ ಹೆಂಡತಿ ನಾಗಕ್ಕ ಹೆರಿಗೆಯಲ್ಲಿ ತೀರಿಕೊಂಡ ಮೇಲೆ ಮೊಳಕಾಲ್ಮುರು ಕಡೆಯ ತೆಲುಗು ಮಾತಿನ ಪಾಪಕ್ಕನನ್ನು ಎರಡನೆಯವಳಾಗಿ ತಂದರು. ಅವಳು ಮೂರನೆಯದೂ ಹೆಣ್ಣೇ ಹೆತ್ತಾಗ ಗಂಡ ಕುರಿ ಹೊಡೆದುಕೊಂಡು ರಾಯದುರ್ಗದ ಕಡೆ ಹೋಗಿದ್ದ. ಸೂತಕ ಅಂತ ಬಾಣಂತಿಯನ್ನು ಹಟ್ಟಿಯಾಚೆ ಸೊಪ್ಪಿನ ಗುಡಿಸಲಲ್ಲಿ ಕೂರಿಸಿದರು. ತಣ್ಣಗಾದ ಮುದ್ದೆಯನ್ನು ದೂರದಲ್ಲಿಟ್ಟು ಹೋಗುತ್ತಿದ್ದರು. ದೊಡ್ಡ ಹುಡುಗಿಯರನ್ನೂ ಹತ್ತಿರ ಬಿಡಲಿಲ್ಲ. ಹಗಲೂ ಇರುಳೂ ಮಗು ಅಳುತ್ತಿತ್ತು, ಮಾತಾಡಲು ಒಂದು ನರಪಿಳ್ಳೆಯೂ ಇರಲಿಲ್ಲ. ಮನೆಗೆ ಕರೆದುಕೊಂಡ ಮೇಲೂ ಪಾಪಕ್ಕ ಉಣ್ಣಲಿಲ್ಲ, ತಲೆ ಬಾಚಲಿಲ್ಲ, ಗೋಡೆ ನೋಡುತ್ತಾ ಕೂತಳು. ಮಗುವಿಗೆ ಹಾಲು ಕೊಡಲು ಮಾತ್ರ ಏಳುತ್ತಿದ್ದಳು.

ಇದು ದೆವ್ವದ ಗಾಳಿಯೇ ಅಂತ ಅತ್ತೆ ಪಾತಮ್ಮ ಅದನ್ನು ಬಿಡಿಸುವ ಚಿಕ್ಕೀರಪ್ಪನನ್ನು ಕರೆಸಿದಳು. ಇವತ್ತು ದೆವ್ವ ಬಿಡದಿದ್ದರೆ ಮಗುವನ್ನು ಮಕ್ಕಳಿಲ್ಲದ ನಾದಿನಿ ಯರ್ರಮ್ಮನ ಮಡಿಲಿಗೆ ಹಾಕಿ, ಇವಳನ್ನು ತವರಿಗೆ ಅಟ್ಟುವುದೆಂದು ಮೊದಲೇ ಮಾತಾಗಿತ್ತು. ಅದು ಪಾಪಕ್ಕನ ಕಿವಿಗೂ ಬಿದ್ದಿತ್ತು.

ಚಿಕ್ಕೀರಪ್ಪ ಅವಳನ್ನು ಮಟಮಟ ಮಧ್ಯಾಹ್ನ ಅಂಗಳದಲ್ಲಿ ಕೂರಿಸಿ, ಬೇವಿನ ಸೊಪ್ಪಿನಲ್ಲಿ ಹೊಡೆದು, ಯಾರು ನೀನು ಅಂತ ಕೇಳಿದ. ನಾನು ಪಾಪಕ್ಕ ಅಂದಳು. ಸುಳ್ಳೆಂದು ಮತ್ತೆ ಹೊಡೆದ. ನಿದ್ದೆ ಬೇಕು ಅಂದಳು, ಅದಕ್ಕೂ ಹೊಡೆದ. ಸೊಪ್ಪೆಲ್ಲ ಉದುರಿ ಬರಿ ಕಡ್ಡಿ ಉಳಿಯಿತು, ಬೆನ್ನ ಮೇಲೆ ಬಾಸುಂಡೆ ಎದ್ದವು. ಯರ್ರಮ್ಮ ಆಗಲೇ ಮಗುವನ್ನೆತ್ತಿಕೊಂಡು ಬಾಗಿಲಲ್ಲಿ ನಿಂತಿದ್ದಳು. ಪಾಪಕ್ಕ ಆ ಕಡೆ ಒಮ್ಮೆ ನೋಡಿದಳು.

“ನಾನು ನಾಗಕ್ಕ.”

ಸತ್ತ ಸೊಸೆಯ ಹೆಸರು ಕೇಳಿದ್ದೇ ಪಾತಮ್ಮ ಅಂಗಳಕ್ಕಿಳಿದಳು. ನಿನಗೇನು ಬೇಕು ತಾಯಿ ಅಂತ ಕೈಮುಗಿದಳು. ಬದುಕಿರುವ ಸೊಸೆಯನ್ನು ಒಂದು ದಿನವೂ ಕೇಳದ ಮಾತು ಅದು. ನಾಗಕ್ಕ ಕೇಳಿದಳು: ಇವಳಿಗೆ ಬಿಸಿ ಮುದ್ದೆ ಹಾಕಬೇಕು, ಇವಳು ಮಲಗಿದಾಗ ಮಗುವನ್ನು ಅತ್ತೆ ಎತ್ತಿಕೊಳ್ಳಬೇಕು, ಹೆಣ್ಣು ಹೆತ್ತವಳೆಂದು ಹಂಗಿಸಬಾರದು, ಮಗುವನ್ನು ಕಿತ್ತುಕೊಳ್ಳಬಾರದು. ಪಾತಮ್ಮ ಎಲ್ಲಕ್ಕೂ ಹೂಂ ಅಂದಳು. ಯರ್ರಮ್ಮನ ಕೈಯಿಂದ ಮಗುವನ್ನು ತಂದು ಪಾಪಕ್ಕನ ಮಡಿಲಲ್ಲಿಟ್ಟಳು.

ಕೇಳಿದ್ದೆಲ್ಲ ಸಿಕ್ಕಿತಲ್ಲ, ಇನ್ನು ಇವಳನ್ನು ಬಿಟ್ಟು ಹೋಗು ಅಂದ ಚಿಕ್ಕೀರಪ್ಪ.

ಪಾಪಕ್ಕ ಮಗುವನ್ನು ಅವುಚಿಕೊಂಡಳು.

“ಹೋಗಲ್ಲ. ಈ ಮನ್ಯಾಗೆ ಇವಳ ಕಡೆ ಅಂತ ಇರೋಳು ನಾನೊಬ್ಳೆ.”