ಅತ್ತೆ ಮುಟ್ಟದೆ ಬಿಟ್ಟ ಕಂಪ್ಯೂಟರು

ಅತ್ತೆ ಹುಬ್ಬಳ್ಳಿಯಿಂದ ಅಮೆರಿಕದ ಸ್ಯಾನ್ ರಮೋನಿನ ನಮ್ಮ ಅಪಾರ್ಟ್‌ಮೆಂಟಿಗೆ ಬಂದಾಗ ನನಗೂ ಅವರಿಗೂ ಹೆಚ್ಚು ಮಾತಿರಲಿಲ್ಲ. ಜಗಳವೇನೂ ಅಲ್ಲ. ನಾನು ಮಂಡ್ಯದ ಕಡೆಯವಳು, ಅವರ ಮಗನನ್ನು ಬೆಂಗಳೂರಿನ ಕಾಲೇಜಿನಲ್ಲಿ ಮೆಚ್ಚಿ ಮದುವೆಯಾದವಳು. ಮದುವೆಯ ಗಲಾಟೆ ಮುಗಿಯುವಷ್ಟರಲ್ಲಿ ವಿಮಾನ ಹತ್ತಿದ್ದೆ. ಅತ್ತೆ ಸೊಸೆ ಒಬ್ಬರನ್ನೊಬ್ಬರು ಅರಿಯಲು ಸಮಯವೇ ಸಿಕ್ಕಿರಲಿಲ್ಲ. ಗಂಡ ಬೆಳಿಗ್ಗೆ ಕಾರು ತೆಗೆದು ಫ್ರೀವೇ ಹಿಡಿದರೆ ಮನೆ ಸೇರುತ್ತಿದ್ದುದು ರಾತ್ರಿಯ ಊಟಕ್ಕೆ. ನನಗೆ ಕೆಲಸ ಮಾಡುವ ವೀಸಾ ಇರಲಿಲ್ಲ. ಇಡೀ ದಿನ ಮನೆಯಲ್ಲಿ ನಾವಿಬ್ಬರೇ.

ಅವರು ಹೈಸ್ಕೂಲಿನಲ್ಲಿ ಇತಿಹಾಸ ಕಲಿಸಿ ನಿವೃತ್ತರಾದವರು. ಬೆಳಗಿನ ಚಹಾದ ಜೊತೆ ಪತ್ರಿಕೆ ಇಲ್ಲದಿದ್ದರೆ ಅವರಿಗೆ ದಿನ ಶುರುವಾದ ಹಾಗೇ ಅಲ್ಲ. ಅದಕ್ಕೇ ಗಂಡ ಕಂಪ್ಯೂಟರಿಗೆ ಕನ್ನಡದ ಅಕ್ಷರ ಹಾಕಿ, ಹುಬ್ಬಳ್ಳಿಯ ಸುದ್ದಿ ಬರುವ ಪುಟ ತೆರೆದು ಓದುವುದನ್ನು ಹೇಳಿಕೊಟ್ಟ. ಪುಣೆಯಲ್ಲಿದ್ದ ಮಗಳ ಮುಖ ನೋಡಲಿ ಎಂದು ಪುಟ್ಟ ಕ್ಯಾಮೆರಾವನ್ನೂ ತಂದು ಸಿಕ್ಕಿಸಿದ. ಭಾನುವಾರ ಮಗಳು ಅಲ್ಲಿನ ಸೈಬರ್ ಕೆಫೆಗೆ ಬಂದು ಕೂತರೆ ಅವಳ ಮುಖ ಬಿಟ್ಟು ಬಿಟ್ಟು ಪರದೆಯ ಮೇಲೆ ಮೂಡುತ್ತಿತ್ತು. ಅಷ್ಟಕ್ಕೇ ಅತ್ತೆಗೆ ಹಿಗ್ಗು.

ಆ ವರ್ಷ ಕ್ಯಾಲಿಫೋರ್ನಿಯದಲ್ಲಿ ಕರೆಂಟಿಗೆ ತತ್ವಾರ. "ಅಮೆರಿಕಾದಾಗೂ ಕರೆಂಟ್ ತಗೀತಾರೇನ?" ಎಂದು ಅತ್ತೆ ನಕ್ಕಿದ್ದರು. ಯಾರೂ ಬಳಸದಾಗ ಕಂಪ್ಯೂಟರು ತಾನಾಗಿಯೇ ನಿದ್ದೆಗೆ ಜಾರುವಂತೆ ಗಂಡ ಮಾಡಿಟ್ಟ. ತೊಂದರೆ ಶುರುವಾದದ್ದು ಆಗಲೇ. ಬೆಳಿಗ್ಗೆ ಮೌಸು ಅಲುಗಾಡಿಸಿದರೆ ಪರದೆಯೇನೋ ಬೆಳಗುತ್ತಿತ್ತು, ಆದರೆ ಬಾಣದ ಗುರುತು ಇದ್ದಲ್ಲಿಂದ ಕದಲುತ್ತಿರಲಿಲ್ಲ. ಒತ್ತಿದ್ದಕ್ಕೆ ಉತ್ತರ ಬರುವಷ್ಟರಲ್ಲಿ ಚಹಾ ತಣ್ಣಗಾಗುತ್ತಿತ್ತು. ಮನೆಯಲ್ಲಿ ಎಲ್ಲರಿಗಿಂತ ಮೊದಲು ಅದರ ಮುಂದೆ ಕೂರುತ್ತಿದ್ದವರು ಅತ್ತೆ.

ಒಂದು ಬೆಳಿಗ್ಗೆ ಗಂಡ ಆಫೀಸಿಗೆ ಹೊರಡುವ ಅವಸರದಲ್ಲಿ ಮೇಲ್ ನೋಡಲು ಹೋದ. ಯಂತ್ರ ಮಿಸುಕಲಿಲ್ಲ. "ಅವ್ವಾ, ಏನ ಒತ್ತಿದಿ ಇದಕ್ಕ?" ಎಂದ. ಬೈದದ್ದೇನಲ್ಲ. ಸ್ವಿಚ್ಚು ಆರಿಸಿ, ಮತ್ತೆ ಹಾಕಿ, ಸರಿಯಾಯಿತೆಂದು ಹೊರಟೇಹೋದ.

ಮರುದಿನದಿಂದ ಅತ್ತೆ ಆ ಮೇಜಿನ ಕಡೆ ಸುಳಿಯಲಿಲ್ಲ.

"ಪೇಪರ್ ಓದಲ್ವಾ ಅತ್ತೆ?"

"ಒಲ್ಲೆವಾ. ಕಣ್ಣು ನೋಯತಾವ."

ಕಣ್ಣು ನೋಯುತ್ತಿರಲಿಲ್ಲ. ಅಂಚೆಯಲ್ಲಿ ಬರುತ್ತಿದ್ದ ಗ್ರೋಸರಿ ಅಂಗಡಿಯ ಜಾಹೀರಾತುಗಳನ್ನು, ಟೊಮೆಟೊ ಸಾಸಿನ ರಿಯಾಯಿತಿಯನ್ನೂ ಬಿಡದೆ, ಅವರು ಸೋಫಾದ ತುದಿಯಲ್ಲಿ ಕೂತು ಓದುತ್ತಿದ್ದರು. ಆಮೇಲೊಮ್ಮೆ ಮಗಳ ಜೊತೆ ಫೋನಿನಲ್ಲಿ ಮಾತಾಡುವುದು ಕಿವಿಗೆ ಬಿತ್ತು. "ಇಲ್ಲಿ ನಾ ಏನ್ ಮುಟ್ಟಿದ್ರೂ ಕೆಡತೈತಿ. ಸುಮ್ಮ ಕುಂತಿರ್ತೇನಿ."

ನನಗೆ ನನ್ನ ಒಗ್ಗರಣೆ ನೆನಪಾಯಿತು. ಆ ದೇಶಕ್ಕೆ ಬಂದ ಹೊಸತರಲ್ಲಿ ನನ್ನ ಮೊದಲ ಒಗ್ಗರಣೆಯ ಹೊಗೆಗೇ ಅಪಾರ್ಟ್‌ಮೆಂಟಿನ ಅಲಾರಾಂ ಕಿರುಚಿ, ಅಕ್ಕಪಕ್ಕದವರೆಲ್ಲ ಬಾಗಿಲು ತೆರೆದು ನೋಡಿದ್ದರು. ಎಷ್ಟೋ ದಿನ ಸಾಸಿವೆ ಸಿಡಿಸಲು ಕೈ ಬಂದಿರಲಿಲ್ಲ.

ಅತ್ತೆಗೆ ಸಮಾಧಾನ ಹೇಳಿದರೆ ಸಾಲದು, ತೋರಿಸಬೇಕು ಅನಿಸಿತು. ಕಾಲೇಜಿನಲ್ಲಿ ಓದಿದ ಎಲೆಕ್ಟ್ರಾನಿಕ್ಸು ಇನ್ಯಾವಾಗ ಉಪಯೋಗಕ್ಕೆ ಬರಬೇಕು! ತಿಂಡಿಯಾದ ಮೇಲೆ ಅವರನ್ನು ಕರೆದೆ. "ಸ್ವಲ್ಪ ಬನ್ನಿ ಅತ್ತೆ, ಒಬ್ಬಳಿಗೇ ಆಗ್ತಿಲ್ಲ." ಬಂದು ದೂರದಲ್ಲೇ ನಿಂತರು. ನಾನೇ ಕಂಪ್ಯೂಟರನ್ನು ಮಲಗಿಸಿದೆ, ನಾನೇ ಎಬ್ಬಿಸಿದೆ. ಅದು ಎಂದಿನಂತೆ ಮಂಕು ಹಿಡಿದು ಕೂತಿತು.

"ನೋಡಿ, ಈಗ ಮುಟ್ಟಿದ್ದು ನಾನು."

"ನನ್ನ ಸಮಾಧಾನಕ್ಕ ಹಂಗ ಅನ್ನಾಕತ್ತಿ."

"ಇಲ್ಲ ಅತ್ತೆ. ಸ್ವಿಚ್ ಆಫ್ ಮಾಡಿ ಆನ್ ಮಾಡಿದ್ರೆ ದಿನವೆಲ್ಲಾ ಚೆನ್ನಾಗಿರುತ್ತೆ. ಮಲಗಿ ಎದ್ರೆ ಮಾತ್ರ ಹಿಂಗಾಡುತ್ತೆ. ಯಾಕೆ ಅಂತ ಹುಡುಕೋಣ."

ಮೊದಲು ನನಗೆ ಅನುಮಾನ ಬಂದದ್ದು ವೈರಸ್ ಹುಡುಕುವ ಪ್ರೋಗ್ರಾಮಿನ ಮೇಲೆ. ಎದ್ದ ಕೂಡಲೇ ಅದು ಎಲ್ಲವನ್ನೂ ತಡಕಾಡಲು ಹೊರಡುತ್ತದೇನೋ ಎಂದು ಅದನ್ನು ನಿಲ್ಲಿಸಿ, ಮತ್ತೆ ಮಲಗಿಸಿ ಎಬ್ಬಿಸಿದೆ. ಏನೂ ಬದಲಾಗಲಿಲ್ಲ. ಆಮೇಲೆ ಹಿಂದಿನ ವೈರುಗಳನ್ನು ಒಂದೊಂದಾಗಿ ಕೀಳುತ್ತ ಬಂದೆ. ಒಂದು ಕಿತ್ತರೆ ಒಮ್ಮೆ ಮಲಗಿಸುವುದು, ಎಬ್ಬಿಸಿ ನೋಡುವುದು. ಪ್ರಿಂಟರ್ ಕಿತ್ತೆ, ಪ್ರಯೋಜನವಾಗಲಿಲ್ಲ. ಅಷ್ಟರಲ್ಲಿ ಅತ್ತೆ ಕುರ್ಚಿ ಎಳೆದುಕೊಂಡು ಕೂತಿದ್ದರು. ಅದು ಎಚ್ಚರಗೊಳ್ಳುವ ತನಕ ಬಾಯಲ್ಲಿ ವಚನ ಹೇಳಿಕೊಳ್ಳುತ್ತಿದ್ದರು. "ಪೂರಾ ಒಂದು ವಚನ ಮುಗೀತು. ಇನ್ನೂ ಎದ್ದಿಲ್ಲ ನೋಡು," ಎಂದರು.

ಉಳಿದದ್ದು ಕ್ಯಾಮೆರಾ. ಅದನ್ನೂ ಕಿತ್ತು, ಮಲಗಿಸಿ, "ಈಗ ನೀವೇ ಎಬ್ಬಿಸಿ," ಎಂದೆ.

"ನಾ ಒಲ್ಲೆ."

"ಕೆಟ್ಟರೆ ನನ್ನ ತಲೆ ಮೇಲೆ ಹಾಕಿ."

ಬೆರಳನ್ನು ಸೆರಗಿಗೆ ಒರೆಸಿಕೊಂಡು ಮೌಸು ಅಲುಗಿಸಿದರು. ಪರದೆ ಬೆಳಗಿತು. ಬಾಣದ ಗುರುತು ಅವರ ಕೈಯ ಜೊತೆಗೇ ಓಡಿತು. ವಚನದ ಮೊದಲ ಸಾಲು ಅವರ ಬಾಯಲ್ಲೇ ನಿಂತಿತು.

ಖಚಿತವಾಗಲಿ ಎಂದು ಕ್ಯಾಮೆರಾ ಮತ್ತೆ ಸಿಕ್ಕಿಸಿ ನೋಡಿದೆವು. ಮತ್ತೆ ಮಂಕು. ತೆಗೆದರೆ ಚುರುಕು. ಕಂಪ್ಯೂಟರು ಎಚ್ಚರವಾದಾಗ ಕ್ಯಾಮೆರಾ ಎಚ್ಚರವಾಗುತ್ತಿರಲಿಲ್ಲ, ಕಂಪ್ಯೂಟರು ಅದನ್ನೇ ಕರೆಯುತ್ತ ಬೇರೆ ಕೆಲಸ ಮರೆಯುತ್ತಿತ್ತು ಎಂದು ತೋರುತ್ತದೆ. ಕ್ಯಾಮೆರಾದ ಹೊಸ ಪ್ರೋಗ್ರಾಮನ್ನು ಇಂಟರ್ನೆಟ್ಟಿನಿಂದ ಇಳಿಸಿಕೊಂಡೆ. ಆಗ ಇಂಟರ್ನೆಟ್ಟು ಬರುತ್ತಿದ್ದುದೇ ಫೋನ್ ಲೈನಿನಲ್ಲಿ, ಅದು ಮಧ್ಯಾಹ್ನವೆಲ್ಲ ಎಂಗೇಜು. ಅಷ್ಟು ಮಾಡಿಯೂ ಪೂರ್ತಿ ಗುಣವಾಗಲಿಲ್ಲ. ಕ್ಯಾಮೆರಾವನ್ನು ಭಾನುವಾರ ಮಾತ್ರ ಸಿಕ್ಕಿಸುವುದು, ಮಗಳ ಜೊತೆ ಮಾತು ಮುಗಿದ ಮೇಲೆ ಕಿತ್ತಿಡುವುದು ಎಂದು ಇಬ್ಬರೂ ಗೊತ್ತು ಮಾಡಿಕೊಂಡೆವು.

ಆ ಸಂಜೆ ಚಹಾ ಕುಡಿಯುವಾಗ ಅತ್ತೆ ತಾವಾಗಿಯೇ ಮಾತು ತೆಗೆದರು.

"ನಾ ಮದಿವ್ಯಾಗಿ ಬಂದಾಗ ನಮ್ಮ ಮಾವನವರ ಮನ್ಯಾಗ ರೇಡಿಯೋ ಇತ್ತವಾ. ನಾ ಹಚ್ಚಿದ ದಿನಾನ ಅದು ಕೆಟ್ಟಿತು. ಯಾರೂ ಏನೂ ಅನಲಿಲ್ಲ. ರಿಪೇರಿ ಮಾಡಿಸಿ ತಂದ್ರು. ಖರೆ ನಾ ಮತ್ತ ಅದನ್ನ ಮುಟ್ಟಲಿಲ್ಲ."

"ಎಷ್ಟು ದಿನ?"

"ಗುಜರಿಗೆ ಹೋಗೂ ತನಕಾ. ಹಾಡು ಬಂದ್ರ ಅಡಗಿ ಮನ್ಯಾಗಿಂದನ ಕೇಳ್ತಿದ್ದೆ."

ಅವರ ಲೋಟಕ್ಕೆ ಇನ್ನಷ್ಟು ಚಹಾ ಬಗ್ಗಿಸಿದೆ. ಅವರು ಬೇಡವೆನ್ನಲಿಲ್ಲ. ರಾತ್ರಿ ಗಂಡನಿಗೆ ಎಲ್ಲವನ್ನೂ ಹೇಳಿದಾಗ ಅವನ ಮುಖ ಸಪ್ಪಗಾಯಿತು. ಹೋಗಿ ಅವ್ವನ ಪಕ್ಕದಲ್ಲಿ ಕೂತು, "ನಾ ತಂದ ಕ್ಯಾಮೆರಾನ ಕಳ್ಳ ನೋಡವ್ವಾ," ಎಂದ. ಅತ್ತೆ ಅವನ ಬೆನ್ನಿಗೊಂದು ಗುದ್ದಿ ನಕ್ಕರು.

ಮರುದಿನ ನಾನು ರೊಟ್ಟಿ ತಟ್ಟಲು ಒದ್ದಾಡುತ್ತಿದ್ದಾಗ ಅವರು ಮೇಜಿನಿಂದಲೇ ಕೂಗಿದರು.

"ಏ ಬಾರವಾ ಇಲ್ಲಿ, ನಿಮ್ಮ ಮಂಡ್ಯದ ಸುದ್ದಿ ಬಂದೈತಿ. ಕಬ್ಬಿನ ಗಾಡಿ ಹಾದ್ಯಾಗ ಮಗಚಿ, ಮಂದಿ ಎಲ್ಲಾ ಕಬ್ಬು ಹೊತಗೊಂಡ ಹೋಗ್ಯಾರಂತ!"

ಹಿಟ್ಟಿನ ಕೈಯಲ್ಲೇ ಹೋಗಿ ಅವರ ಪಕ್ಕದಲ್ಲಿ ನಿಂತೆ. "ಮೊದಲಿಂದ ಓದಿ ಅತ್ತೆ," ಎಂದೆ. ಅವರು ಕನ್ನಡಕ ಸರಿಮಾಡಿಕೊಂಡು, ತರಗತಿಯಲ್ಲಿ ಓದಿ ಹೇಳುವಂತೆ ಗಟ್ಟಿಯಾಗಿ ಶುರುಮಾಡಿದರು.